ಬೆಲೆ ತೆತ್ತ ಹುಡುಗಿಯರು

ನನ್ನ ಹತ್ತಿರ ಇರುವ ‘ಎಕ್ಲಿಪ್ಸ್’ ಪುಸ್ತಕವನ್ನು ಮೇಜಿನ ಮೇಲೆ ಇಟ್ಟರೆ ಅದು ತಾನಾಗಿ ಒಂದೇ ಜಾಗದಲ್ಲಿ ತೆರೆದುಕೊಳ್ಳುತ್ತದೆ. ಆ ಪುಟಗಳನ್ನು ಅಷ್ಟು ಸಲ ಓದಿದ್ದೇನೆ. ಅಲ್ಲಿ ಎಡ್ವರ್ಡ್ ಇಲ್ಲ, ಜೇಕಬ್ ಇಲ್ಲ. ರಾತ್ರಿ ಹೊತ್ತು, ಒಂದು ಕೋಣೆ, ಇಬ್ಬರು ಹುಡುಗಿಯರು. ರೋಸಲಿ ಬಂದು ಬೆಲ್ಲಾ ಹತ್ತಿರ ಕೂತು ತನ್ನ ಕತೆ ಹೇಳುತ್ತಾಳೆ.

‘ಎಕ್ಲಿಪ್ಸ್’ ಸ್ಟೆಫನಿ ಮೇಯರ್ ಅವರ ಟ್ವೈಲೈಟ್ ಕಾದಂಬರಿ ಸರಣಿಯ ಮೂರನೇ ಪುಸ್ತಕ. ಬೆಲ್ಲಾ ಮನುಷ್ಯರ ಹುಡುಗಿ. ಎಡ್ವರ್ಡ್ ವ್ಯಾಂಪೈರ್, ಅಂದರೆ ರಕ್ತ ಕುಡಿದು ಸಾವಿಲ್ಲದೆ ಬದುಕುವವನು. ಜೇಕಬ್ ತೋಳವಾಗಬಲ್ಲ ಹುಡುಗ. ಇಬ್ಬರೂ ಬೆಲ್ಲಾಳನ್ನು ಪ್ರೀತಿಸುತ್ತಾರೆ, ಅವಳಿಗೆ ಎಡ್ವರ್ಡ್‌ಗಾಗಿ ತಾನೂ ವ್ಯಾಂಪೈರ್ ಆಗುವ ಆಸೆ. ಸರಣಿ ಓದಿದವರಿಗೆ ರೋಸಲಿ ಗೊತ್ತು. ತುಂಬ ಚೆಂದದವಳು. ಬೆಲ್ಲಾಳನ್ನು ಕಂಡರೆ ಆಗದವಳು. ಮೊದಲ ಎರಡು ಪುಸ್ತಕ ಮುಗಿಯುವವರೆಗೂ ಅವಳು ಹೊಟ್ಟೆಕಿಚ್ಚಿನ ಹುಡುಗಿ ಅಂತಲೇ ನಾವು ಅಂದುಕೊಂಡಿರುತ್ತೇವೆ. ಮೂರನೆಯದರಲ್ಲಿ ಅವಳ ಕತೆ ಬರುತ್ತದೆ. 1933ನೇ ಇಸವಿ, ಅಮೆರಿಕದ ರೋಚೆಸ್ಟರ್ ಊರು. ಅವಳಿಗೆ 18 ವರ್ಷ, ಮದುವೆ ನಿಶ್ಚಯವಾಗಿದೆ. ಗೆಳತಿಯ ಮನೆಗೆ ಹೋಗಿ, ಅವಳ ಪುಟ್ಟ ಮಗುವನ್ನು ನೋಡಿ ವಾಪಸ್ ಬರುತ್ತಿದ್ದಾಳೆ. ದಾರಿಯಲ್ಲಿ ಅವಳನ್ನು ಮದುವೆಯಾಗಬೇಕಿದ್ದವನೇ ಗೆಳೆಯರ ಜೊತೆ ಕುಡಿದು ನಿಂತಿದ್ದಾನೆ. ಅವರೆಲ್ಲ ಸೇರಿ ಅವಳ ಮೇಲೆ ಎರಗುತ್ತಾರೆ. ಸತ್ತಳು ಅಂದುಕೊಂಡು ಬೀದಿಯಲ್ಲೇ ಬಿಟ್ಟು ಹೋಗುತ್ತಾರೆ. ಎಡ್ವರ್ಡ್ ಇರುವ ಕಲೆನ್ ಎಂಬ ವ್ಯಾಂಪೈರ್ ಮನೆತನದ ಹಿರಿಯ ಕಾರ್ಲೈಲ್ ಅವಳನ್ನು ವ್ಯಾಂಪೈರ್ ಮಾಡಿ ಉಳಿಸಿಕೊಳ್ಳುತ್ತಾನೆ. ನಿನಗೆ ಇದು ಬೇಕಾ ಅಂತ ಯಾರೂ ಅವಳನ್ನು ಕೇಳುವುದಿಲ್ಲ.

ಆಮೇಲೆ ರೋಸಲಿ ತನ್ನ ಆಸೆ ಹೇಳುತ್ತಾಳೆ. ಎಲ್ಲೋ ಒಂದು ಮನೆಯ ಜಗಲಿ. ಪಕ್ಕದಲ್ಲಿ ಕೂದಲು ಬೆಳ್ಳಗಾದ ಗಂಡ ಎಮೆಟ್. ಸುತ್ತ ಮೊಮ್ಮಕ್ಕಳು. ಇಷ್ಟೇ. ಎಂದೂ ಮುಪ್ಪಾಗದ, ಎಂದೂ ಸಾಯದ ಹುಡುಗಿಯೊಬ್ಬಳು ಬಿಳಿ ಕೂದಲಿಗೆ ಆಸೆ ಪಡುತ್ತಿದ್ದಾಳೆ. ನಿನಗೆ ಆರಿಸಿಕೊಳ್ಳುವ ಅವಕಾಶ ಇದೆ, ನೀನು ತಪ್ಪಾಗಿ ಆರಿಸಿಕೊಳ್ಳುತ್ತಿದ್ದೀಯ ಅಂತ ಬೆಲ್ಲಾಗೆ ಹೇಳುತ್ತಾಳೆ.

ನಾನು ಇದನ್ನು ಮೊದಲು ಓದಿದ್ದು 2009ರಲ್ಲಿ. ಆಗ ನನಗೆ 17, ಸರಣಿ ಶುರುವಾಗುವಾಗ ಬೆಲ್ಲಾಳಿಗೂ 17. ಪಿಯುಸಿ ಮುಗಿಸಿ ಬೆಂಗಳೂರಿಗೆ ಬಂದಿದ್ದೆ. ಪಿಜಿಯಲ್ಲಿ ನಾಲ್ಕು ಜನಕ್ಕೆ ಒಂದು ರೂಮು. ನಾಲ್ಕು ಪುಸ್ತಕಗಳ ಒಂದೇ ಸೆಟ್ಟು ಕೈಯಿಂದ ಕೈಗೆ ಹೋಗುತ್ತಿತ್ತು. ಟೀಮ್ ಎಡ್ವರ್ಡಾ, ಟೀಮ್ ಜೇಕಬ್ಬಾ ಅಂತ ರಾತ್ರಿ ಎರಡು ಗಂಟೆವರೆಗೆ ಮಾತು. ರೋಸಲಿಯ ಆ ಅಧ್ಯಾಯವನ್ನು ನಾನು ಆಗ ಬೇಗ ಬೇಗ ದಾಟಿದ್ದೆ. ಎಡ್ವರ್ಡ್ ಯಾವಾಗ ವಾಪಸ್ ಬರುತ್ತಾನೆ ಅಂತ ಕಾಯುತ್ತಿದ್ದೆ.

ಈಗ ಮೂವತ್ತು ದಾಟಿ ಮತ್ತೆ ಓದುವಾಗ ಇಡೀ ಸರಣಿಯ ಜೀವ ಅದೇ ಅಧ್ಯಾಯದಲ್ಲಿದೆ ಅನ್ನಿಸುತ್ತದೆ. ಹದಿಹರೆಯದವರಿಗಾಗಿ ಬರೆದ ಪ್ಯಾರಾನಾರ್ಮಲ್ ರೊಮ್ಯಾನ್ಸ್, ಫ್ಯಾಂಟಸಿ ರೊಮ್ಯಾನ್ಸ್ ಕಾದಂಬರಿಗಳನ್ನು, ಅಂದರೆ ಮನುಷ್ಯರಲ್ಲದವರ, ಮಾಯಾಲೋಕಗಳ ಪ್ರೇಮಕತೆಗಳನ್ನು, ನಾನು ಇವತ್ತಿಗೂ ಓದುತ್ತೇನೆ. ಪ್ರತಿ ಪುಸ್ತಕಕ್ಕೂ ನನ್ನದು ಒಂದೇ ಪ್ರಶ್ನೆ. ಈ ಪ್ರೀತಿಗೆ ಬೆಲೆ ಏನು, ಅದನ್ನು ತೆತ್ತವರು ಯಾರು?

ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಈ ಪುಸ್ತಕಗಳನ್ನು ಹುಡುಗೀರ ಪುಸ್ತಕ ಅಂತ ತಳ್ಳಿಹಾಕುವವರ ಜೊತೆ ನಾನಿಲ್ಲ. ಕನ್ನಡದಲ್ಲೂ ಹೆಂಗಸರು ಬರೆದದ್ದನ್ನು ‘ಅಡುಗೆಮನೆ ಸಾಹಿತ್ಯ’ ಅಂತ ಕರೆದ ಕಾಲ ಇತ್ತು. ನಮ್ಮಮ್ಮ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದು, ಒಲೆ ಮೇಲೆ ಅನ್ನ ಇಟ್ಟು, ನಿಂತುಕೊಂಡೇ ಓದುತ್ತಿದ್ದ ಕಾದಂಬರಿಗಳಿಗೆ ಅದೇ ಹೆಸರಿತ್ತು. ಅಮ್ಮ ಅವುಗಳನ್ನು ಓದುವಾಗ ಅವಳ ಮುಖ ಹೇಗಿರುತ್ತಿತ್ತು ಅಂತ ನನಗೆ ನೆನಪಿದೆ. ಹದಿನಾರು ಹದಿನೇಳರ ಹುಡುಗಿಗೆ ತನಗೆ ಏನು ಬೇಕು ಅಂತ ಜೋರಾಗಿ ಹೇಳುವ ಜಾಗ ಮನೆಯಲ್ಲೂ ಇರುವುದಿಲ್ಲ, ಕಾಲೇಜಿನಲ್ಲೂ ಇರುವುದಿಲ್ಲ. ಸ್ಟೆಫನಿ ಮೇಯರ್ 2005ರಲ್ಲಿ ಆ ಜಾಗ ಕೊಟ್ಟರು. ಬೆಲ್ಲಾ ನಾಚಿಕೆಯಿಲ್ಲದೆ ಬಯಸುತ್ತಾಳೆ. ಆ ಬಯಕೆಗೆ ಪುಸ್ತಕ ಬೈಯುವುದಿಲ್ಲ. ಅದು ದೊಡ್ಡ ವಿಷಯ. ನನ್ನ ತಕರಾರು ಬೇರೆ ಕಡೆ ಇದೆ.

ಎಡ್ವರ್ಡ್ ರಾತ್ರಿ ಕಿಟಕಿಯಿಂದ ಒಳಗೆ ಬಂದು ಬೆಲ್ಲಾ ಮಲಗಿರುವುದನ್ನು ನೋಡುತ್ತಾ ಕೂರುವುದರ ಬಗ್ಗೆ ಎಲ್ಲರೂ ಮಾತಾಡಿಯಾಗಿದೆ. ಅವನು ಹುಟ್ಟಿದ್ದು 1901ರಲ್ಲಿ, ಅವಳಿಗೆ 17 ಅನ್ನುವುದೂ ಅಷ್ಟೇ. ಎರಡೂ ನನಗೂ ಈಗ ಕಸಿವಿಸಿ ತರುತ್ತವೆ. ಯಾರಾದರೂ ನನ್ನ ಅಕ್ಕನ ಮಗಳ ಕಿಟಕಿ ಹತ್ತಿ ಬಂದರೆ ನಾನು ಸುಮ್ನೆ ಇರುವುದಿಲ್ಲ. ಆದರೆ ನನ್ನನ್ನು ಜಾಸ್ತಿ ಕಾಡುವುದು ಕೊನೆಯ ಪುಸ್ತಕ, 2008ರ ‘ಬ್ರೇಕಿಂಗ್ ಡಾನ್’.

ಮೂರು ಪುಸ್ತಕಗಳ ಉದ್ದಕ್ಕೂ ಒಂದು ಮಾತು ಬರುತ್ತಿತ್ತು. ವ್ಯಾಂಪೈರ್ ಆದರೆ ಅಪ್ಪನನ್ನು ಬಿಡಬೇಕು, ಅಮ್ಮನನ್ನು ಬಿಡಬೇಕು, ಮಕ್ಕಳಿಲ್ಲ, ವರ್ಷಗಟ್ಟಲೆ ರಕ್ತದ ದಾಹ. ನಾವು ಅದನ್ನು ನಂಬಿದ್ದೆವು. ಕೊನೆಗೆ ಏನಾಗುತ್ತದೆ? ಅಪ್ಪ ಚಾರ್ಲಿ ಹತ್ತಿರವೇ ಇರುತ್ತಾನೆ. ವ್ಯಾಂಪೈರ್ ಆಗುವ ಮೊದಲೇ ಬೆಲ್ಲಾಗೆ ಮಗು ಹುಟ್ಟುತ್ತದೆ. ದಾಹವನ್ನು ಅವಳು ಮೊದಲ ದಿನವೇ ಹಿಡಿತಕ್ಕೆ ತರುತ್ತಾಳೆ. ದೊಡ್ಡ ಯುದ್ಧ ನಡೆಯುವುದೇ ಇಲ್ಲ. ಎದುರಾಳಿಗಳು ಬಂದು, ಮಾತಾಡಿ, ವಾಪಸ್ ಹೋಗುತ್ತಾರೆ. ಬೆಲ್ಲಾ ಏನನ್ನೂ ಕಳೆದುಕೊಳ್ಳುವುದಿಲ್ಲ. 17ರಲ್ಲಿ ನನಗೆ ಇದು ಸುಖಾಂತ್ಯ. ಈಗ ಓದಿದಾಗ ಏನೋ ಲೆಕ್ಕ ತಪ್ಪಿದೆ ಅನ್ನಿಸುತ್ತದೆ.

ಲೆಕ್ಕ ಎಲ್ಲಿ ಹೋಯಿತು ಅಂತ ಹುಡುಕಿದರೆ ಸಿಗುತ್ತದೆ. ಬೆಲ್ಲಾಗೆ ಸಿಕ್ಕಿದ್ದೆಲ್ಲದರ ಬೆಲೆ ಬೇರೆ ಹುಡುಗಿಯರ ಮೇಲೆ ಬಿದ್ದಿದೆ. ರೋಸಲಿ ಒಬ್ಬಳು. ಇನ್ನೊಬ್ಬಳು ಲೀಯಾ, ಜೇಕಬ್‌ನ ಹಾಗೆ ಕ್ವಿಲಿಯೂಟ್ ಬುಡಕಟ್ಟಿನವಳು. ಕತೆಯಲ್ಲಿ ಆ ಜನರಲ್ಲಿ ಕೆಲವರು ತೋಳವಾಗಬಲ್ಲರು. ಅವಳು ಸ್ಯಾಮ್ ಎಂಬ ಹುಡುಗನನ್ನು ಪ್ರೀತಿಸುತ್ತಿದ್ದಳು. ಅವನು ತೋಳವಾಗುತ್ತಾನೆ. ಒಂದು ದಿನ ಲೀಯಾಳ ಅಕ್ಕತಂಗಿಯಂತಿದ್ದ ಎಮಿಲಿಯನ್ನು ನೋಡುತ್ತಾನೆ, ‘ಇಂಪ್ರಿಂಟ್’ ಆಗಿಬಿಡುತ್ತದೆ. ಇಂಪ್ರಿಂಟ್ ಅಂದರೆ ನೋಡಿದ ಕ್ಷಣವೇ ಜೀವಮಾನದ ಗಂಟು. ಬಿಡಿಸಿಕೊಳ್ಳುವ ಹಾಗಿಲ್ಲ. ಸ್ಯಾಮ್ ಒಂದು ದಿನ ಕೋಪದಲ್ಲಿ ತೋಳವಾದಾಗ ಎಮಿಲಿಯ ಮುಖ ಸೀಳಿಹೋಗುತ್ತದೆ. ಆ ಗಾಯದ ಗುರುತು ಹೊತ್ತು ಅವಳು ಅವನಿಗೇ ಅಡುಗೆ ಮಾಡಿ ಹಾಕುತ್ತಾಳೆ. ಲೀಯಾ ತಾನೂ ತೋಳವಾಗುತ್ತಾಳೆ. ಆ ಗುಂಪಿನಲ್ಲಿ ಹೆಣ್ಣು ಅವಳೊಬ್ಬಳೇ. ತೋಳಗಳಿಗೆ ಒಬ್ಬರ ಮನಸ್ಸು ಇನ್ನೊಬ್ಬರಿಗೆ ಕೇಳಿಸುತ್ತದೆ. ಹಾಗಾಗಿ ತನ್ನನ್ನು ಬಿಟ್ಟವನ ಮನಸ್ಸಿನಲ್ಲಿ ಇನ್ನೊಬ್ಬಳು ಇರುವುದನ್ನು ಅವಳು ದಿನಾ ಕೇಳಬೇಕು. ಅವಳ ಮುಟ್ಟು ನಿಂತುಹೋಗುತ್ತದೆ. ತಾನು ಹೆಣ್ಣು ಹೌದೋ ಅಲ್ಲವೋ ಅಂತ ಅವಳಿಗೇ ಗೊತ್ತಾಗುವುದಿಲ್ಲ. ಗುಂಪಿನ ಹುಡುಗರು ಅವಳಿಗೆ ಸಿಡುಕಿ ಅನ್ನುತ್ತಾರೆ. ಕತೆಯೂ ಹೆಚ್ಚುಕಮ್ಮಿ ಹಾಗೇ ಅನ್ನುತ್ತದೆ.

ಇಂಪ್ರಿಂಟ್ ಎರಡು ವರ್ಷದ ಮಗುವಿನ ಮೇಲೂ ಆಗುತ್ತದೆ, ಆಗ ತಾನೇ ಹುಟ್ಟಿದ ಕೂಸಿನ ಮೇಲೂ ಆಗುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ಎಷ್ಟು ಸಮಜಾಯಿಷಿ ಕೊಟ್ಟರೂ ಒಪ್ಪುವುದಿಲ್ಲ. ಅಲ್ಲಿಗೆ ಬಿಡುತ್ತೇನೆ.

ವಿಚಿತ್ರ ಅಂದರೆ, ಬೆಲೆ ತೆರುವ ಟ್ವೈಲೈಟ್ ಕೂಡ ಒಂದಿದೆ. ಅದನ್ನು ಮೇಯರ್ ಅವರೇ ಬರೆದಿದ್ದಾರೆ. 2015ರಲ್ಲಿ, ಮೊದಲ ಪುಸ್ತಕಕ್ಕೆ ಹತ್ತು ವರ್ಷ ತುಂಬಿದಾಗ, ಹುಡುಗ ಹುಡುಗಿಯರನ್ನು ಅದಲು ಬದಲು ಮಾಡಿ ‘ಲೈಫ್ ಆ್ಯಂಡ್ ಡೆತ್’ ಬಂತು. ಬೆಲ್ಲಾ ಬದಲು ಬೋ ಎಂಬ ಹುಡುಗ, ಎಡ್ವರ್ಡ್ ಬದಲು ಎಡಿತ್. ಬಹಳ ಜನ ಅದನ್ನು ಓದಲೇ ಇಲ್ಲ. ಆದರೆ ಅದರ ಕೊನೆ ಬೇರೆ. ವ್ಯಾಂಪೈರ್ ಕಚ್ಚಿದ ವಿಷ ತೆಗೆಯಲು ತಡವಾಗಿರುತ್ತದೆ, ಬೋ ವ್ಯಾಂಪೈರ್ ಆಗಲೇಬೇಕು. ಅವನು ಸತ್ತ ಅಂತ ಮನೆಯವರು ನಂಬುವ ಹಾಗೆ ಮಾಡುತ್ತಾರೆ. ತನ್ನದೇ ಅಂತ್ಯಕ್ರಿಯೆಯನ್ನು ಬೋ ದೂರದಿಂದ ನೋಡುತ್ತಾನೆ. ಅಪ್ಪ ಕುಸಿದುಹೋಗಿದ್ದಾನೆ. ಹತ್ತಿರ ಹೋಗಿ ನಾನಿದ್ದೇನಪ್ಪಾ ಅನ್ನುವ ಹಾಗಿಲ್ಲ.

ಅದನ್ನು ಓದಿ ನಾನು ಪುಸ್ತಕ ಮುಚ್ಚಿ ತುಂಬ ಹೊತ್ತು ಕೂತಿದ್ದೆ. ಮೂಲ ಕತೆಯ ನಾಲ್ಕು ಪುಸ್ತಕಗಳು ಕೊಡದೇ ಹೋದದ್ದು ಆ ಕೆಲವೇ ಪುಟಗಳಲ್ಲಿತ್ತು. ಸಾವಿಲ್ಲದ ಬದುಕು ಅಂದರೆ ಏನು ಅಂತ ಆಗ ಹೊಟ್ಟೆಗೆ ತಟ್ಟಿತು.

ಬೆಲೆ ತೆರುವ ಕತೆಗಳ ರುಚಿ ನನಗೆ ಹತ್ತಿದ್ದು ಮಾತ್ರ ಇಂಗ್ಲಿಷ್ ಪುಸ್ತಕಗಳಿಂದಲ್ಲ. ಚಿಕ್ಕವಳಿದ್ದಾಗ ಟಿವಿಯಲ್ಲಿ ‘ನಾಗಮಂಡಲ’ ಸಿನಿಮಾ ನೋಡಿದ್ದೆ. ಆಮೇಲೆ ಕಾರ್ನಾಡರ ನಾಟಕ ಓದಿದೆ. ಎ.ಕೆ. ರಾಮಾನುಜನ್ ಹೇಳಿದ ಜನಪದ ಕತೆಗಳಿಂದ ಹುಟ್ಟಿದ ನಾಟಕ ಅದು. ಗಂಡ ಅಪ್ಪಣ್ಣ ಹೆಂಡತಿಯನ್ನು ಮನೆಯೊಳಗೆ ಬೀಗ ಹಾಕಿ ಹೋಗುತ್ತಾನೆ. ಅವನನ್ನು ಒಲಿಸಿಕೊಳ್ಳಲು ಮದ್ದಿನ ಬೇರು ಹಾಕಿ, ಆಮೇಲೆ ಹೆದರಿ ರಾಣಿ ಹುತ್ತಕ್ಕೆ ಸುರಿದ ಸಾರನ್ನು ನಾಗಪ್ಪ ಕುಡಿಯುತ್ತದೆ, ಅವಳಿಗೆ ಮನಸೋಲುತ್ತದೆ, ರಾತ್ರಿ ಗಂಡನ ರೂಪದಲ್ಲಿ ಬರುತ್ತದೆ. ಇದೂ ಕಿಟಕಿಯ ಕತೆಯೇ ಅಲ್ವಾ? ಇಲ್ಲೂ ಹುಡುಗಿಗೆ ಗೊತ್ತಿಲ್ಲದೆ ಒಬ್ಬ ಒಳಗೆ ಬರುತ್ತಾನೆ. ಆ ತಕರಾರು ಇಲ್ಲಿಗೂ ಸಲ್ಲುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಇಲ್ಲಿ ಬೆಲೆ ತೆರುವುದು ನಾಗಪ್ಪನೇ. ಅವಳ ಕೂದಲಿಗೇ ಸುತ್ತಿಕೊಂಡು ಸಾಯುತ್ತದೆ. ಸತ್ತ ಹಾವಿಗೆ ನಮ್ಮ ಮಗನೇ ಬೆಂಕಿ ಇಡಬೇಕು ಅಂತ ರಾಣಿ ಗಂಡನನ್ನು ಕೇಳುತ್ತಾಳೆ. ಅಸಲು ವಿಷಯ ಮಾತ್ರ ಬಾಯಿ ಬಿಡುವುದಿಲ್ಲ. ಆಮೇಲೆ ನಾಟಕ ಇನ್ನೊಂದು ಕೊನೆಯನ್ನೂ ಕೊಡುತ್ತದೆ, ಹಾವು ಅವಳ ಕೂದಲಲ್ಲೇ ಬದುಕಿ ಉಳಿಯುತ್ತದೆ. ನನಗೆ ಮೊದಲಿನದೇ ಮನಸ್ಸಿನಲ್ಲಿ ನಿಂತಿದೆ.

ಅದೇ ತೂಕದ ಪುಸ್ತಕಗಳು ವೈಎ (ಯಂಗ್ ಅಡಲ್ಟ್, ಅಂದರೆ ಹದಿಹರೆಯದವರ) ಕಪಾಟಿನಲ್ಲೂ ಇವೆ. ಟ್ವೈಲೈಟ್‌ಗಿಂತ ಹದಿನೈದು ವರ್ಷ ಮೊದಲು, 1990ರಲ್ಲಿ, ಆ್ಯನೆಟ್ ಕರ್ಟಿಸ್ ಕ್ಲಾಸ್ ಬರೆದ ‘ದಿ ಸಿಲ್ವರ್ ಕಿಸ್’ ಬಂದಿತ್ತು. ಜೋಯಿ ಎಂಬ ಹುಡುಗಿಯ ಅಮ್ಮ ಕ್ಯಾನ್ಸರಿನಿಂದ ಆಸ್ಪತ್ರೆಯಲ್ಲಿ ಸಾಯುತ್ತಿದ್ದಾಳೆ. ಅಪ್ಪ ಮಗಳನ್ನು ದೂರ ಇಡುತ್ತಾನೆ. ಅದೇ ಹೊತ್ತಿಗೆ ಅವಳಿಗೆ ಸೈಮನ್ ಸಿಗುತ್ತಾನೆ, ಮುನ್ನೂರು ವರ್ಷಗಳಿಂದ ಸಾಯಲಾಗದ ಹುಡುಗ. ಒಂದು ಕಡೆ ಬದುಕಬೇಕೆನ್ನುವ ಅಮ್ಮ, ಇನ್ನೊಂದು ಕಡೆ ಬದುಕು ಸಾಕಾದ ಪ್ರಿಯಕರ, ನಡುವೆ ಈ ಹುಡುಗಿ. ಕೊನೆಗೆ ಸೈಮನ್ ಬೆಳಗಿನ ಸೂರ್ಯನಿಗೆ ಮೈಯೊಡ್ಡುತ್ತಾನೆ. ಜೋಯಿ ಅವನನ್ನು ಕಳಿಸಿಕೊಡುವುದನ್ನು ಕಲಿಯುತ್ತಾಳೆ, ಅಮ್ಮನನ್ನೂ. ಸಣ್ಣ ಪುಸ್ತಕ. ನಮ್ಮಜ್ಜಿ ಹೋದ ವರ್ಷ ನಾನು ಅದನ್ನು ಓದಿದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಕಬ್ಬಿಣದ ಕುರ್ಚಿ ಮೇಲೆ ಕೂತು ಅರ್ಧ ಮುಗಿಸಿದ್ದೆ.

ಇನ್ನೂ ಹಿಂದೆ ಹೋದರೆ ನ್ಯಾಟಲಿ ಬ್ಯಾಬಿಟ್ ಅವರ ‘ಟಕ್ ಎವರ್‌ಲಾಸ್ಟಿಂಗ್’, 1975ರದ್ದು. ಅದು ಮಕ್ಕಳ ಪುಸ್ತಕ. ಹತ್ತು ವರ್ಷದ ವಿನ್ನಿಗೆ ಜೆಸ್ಸಿ ಎಂಬ ಹುಡುಗ ಒಂದು ಬಾಟಲಿ ನೀರು ಕೊಡುತ್ತಾನೆ. ಕುಡಿದರೆ ಸಾವಿಲ್ಲ. ನಿನಗೆ 17 ಆದಾಗ ಕುಡಿ, ನನ್ನ ಹತ್ತಿರ ಬಾ ಅನ್ನುತ್ತಾನೆ. ವಿನ್ನಿ ಆ ನೀರನ್ನು ಒಂದು ಕಪ್ಪೆಯ ಮೇಲೆ ಸುರಿಯುತ್ತಾಳೆ. ಎಷ್ಟೋ ವರ್ಷದ ಮೇಲೆ ಜೆಸ್ಸಿಯ ಅಪ್ಪ ಅಮ್ಮ ಆ ಊರಿಗೆ ಬಂದಾಗ ಅವಳ ಸಮಾಧಿ ಕಲ್ಲು ಕಾಣುತ್ತದೆ: 1870–1948. ಒಬ್ಬರ ಹೆಂಡತಿ, ಒಬ್ಬರ ತಾಯಿ ಆಗಿದ್ದಳು ಅಂತ ಕೆತ್ತಿದ್ದಾರೆ. ಬೆಲ್ಲಾ ನೀರು ಕುಡಿದಳು, ವಿನ್ನಿ ಕುಡಿಯಲಿಲ್ಲ. ರೋಸಲಿಗೆ ಬೇಕಿದ್ದ ಜಗಲಿ ವಿನ್ನಿಗೆ ಸಿಕ್ಕಿತು ಅಂತ ನಾನು ಅಂದುಕೊಳ್ಳುತ್ತೇನೆ.

ಲೇನಿ ಟೇಲರ್ ಅವರ ‘ಡಾಟರ್ ಆಫ್ ಸ್ಮೋಕ್ ಆ್ಯಂಡ್ ಬೋನ್’ (2011) ಈ ಬೆಲೆಯ ಮಾತನ್ನೇ ಕತೆಯ ಎಲುಬು ಮಾಡಿಕೊಂಡಿದೆ. ಪ್ರಾಗ್ ನಗರದಲ್ಲಿ ಚಿತ್ರಕಲೆ ಕಲಿಯುವ ಕರೂ, ತನ್ನನ್ನು ಸಾಕಿದವನಿಗೆ ಹಲ್ಲು ತಂದುಕೊಡುತ್ತಾಳೆ. ಅಲ್ಲಿ ಹಲ್ಲಿಗೆ ವರ ಸಿಗುತ್ತದೆ. ಆ ಲೋಕದಲ್ಲಿ ಮಾಟ ನಡೆಯುವುದೇ ನೋವಿನಿಂದ. ಯಾರಾದರೂ ನೋಯದೆ ಏನೂ ಆಗುವುದಿಲ್ಲ. ಹೋಲಿ ಬ್ಲ್ಯಾಕ್ ಅವರ ‘ದಿ ಕ್ರೂಯೆಲ್ ಪ್ರಿನ್ಸ್’ (2018) ನನಗೆ ಇಷ್ಟವಾಗುವುದೂ ಇದೇ ಕಾರಣಕ್ಕೆ. ಜೂಡ್ ಮನುಷ್ಯರ ಹುಡುಗಿ, ಬೆಳೆದದ್ದು ಮಾಯಾಜೀವಿಗಳಾದ ಫೇರಿಗಳ ಲೋಕದಲ್ಲಿ. ಫೇರಿಗಳಿಗೆ ಸುಳ್ಳು ಹೇಳಲು ಬರುವುದಿಲ್ಲ, ಅವಳಿಗೆ ಬರುತ್ತದೆ. ಅದೊಂದೇ ಅವಳ ಬಲ. ಯಾರೂ ತನಗೆ ವಿಷ ಹಾಕಿ ಕೊಲ್ಲಬಾರದು ಅಂತ ದಿನಾ ಸ್ವಲ್ಪ ಸ್ವಲ್ಪ ವಿಷ ತಿಂದು ಮೈಗೆ ಒಗ್ಗಿಸಿಕೊಳ್ಳುತ್ತಾಳೆ. ಯಾರೋ ಬಂದು ಕಾಪಾಡಲಿ ಅಂತ ಕಾಯುವುದಿಲ್ಲ. ತನ್ನ ಬೆಲೆಯನ್ನು ತಾನೇ ತೆರುತ್ತಾಳೆ, ಅದೂ ಕಣ್ಣು ಬಿಟ್ಟುಕೊಂಡು.

ರೊಮ್ಯಾನ್ಸ್, ಫ್ಯಾಂಟಸಿ ಎರಡೂ ಬೆರೆತ ಈಗಿನ ರೊಮ್ಯಾಂಟಸಿ ಪುಸ್ತಕಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೆಲವು ಚೆನ್ನಾಗಿವೆ. ಒಂದು ವಿಷಯ ಮಾತ್ರ ಹೇಳಬೇಕು. ಸಾರಾ ಜೆ. ಮಾಸ್ ಅವರ ‘ಎ ಕೋರ್ಟ್ ಆಫ್ ಥಾರ್ನ್ಸ್ ಆ್ಯಂಡ್ ರೋಸಸ್’ 2015ರಲ್ಲಿ ವೈಎ ಅಂತ ಬಂತು, ಆಮೇಲೆ ದೊಡ್ಡವರ ಪುಸ್ತಕ ಅಂತ ಹೊಸ ಮುಖಪುಟ ಹಾಕಿಕೊಂಡಿತು. ಅದು ದೊಡ್ಡವರದ್ದೇ. ನಾನು ಹೋಗುವ ಒಂದು ಅಂಗಡಿಯಲ್ಲಿ ಅದನ್ನು ಇನ್ನೂ ಹದಿಮೂರು ಹದಿನಾಲ್ಕರ ಮಕ್ಕಳ ಸಾಲಿನಲ್ಲಿ ಇಟ್ಟಿದ್ದರು. ಹೇಳಿದೆ, ತೆಗೆದರು. ದೊಡ್ಡವರಾದ ನಾವು ಪುಸ್ತಕವನ್ನು ಬಿಡಿಸಿಯೂ ನೋಡದೆ ಹುಡುಗೀರ ಪುಸ್ತಕ ಅಂತ ಒಂದೇ ರಾಶಿಗೆ ಹಾಕುವುದರಿಂದ ಹೀಗೆಲ್ಲ ಆಗುತ್ತದೆ.

ಬೆಲೆ ತೆತ್ತವರ ಮಾತು ಪುಸ್ತಕದ ಒಳಗೇ ಮುಗಿಯುವುದಿಲ್ಲ. 2018ರಲ್ಲಿ ನಾನು ಅಕ್ಕನ ಮನೆಗೆ ಹೋಗಿದ್ದೆ. ಅವಳು ಇರುವುದು ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿ. ನನಗೆ ಟ್ವೈಲೈಟ್ ಕತೆ ನಡೆಯುವ ಫೋರ್ಕ್ಸ್ ಊರು ನೋಡಬೇಕಿತ್ತು. ಅಕ್ಕ ಭಾವ ಬೆಳಿಗ್ಗೆ ಬೇಗ ಎದ್ದು, ಚಿತ್ರಾನ್ನ ಕಟ್ಟಿಕೊಂಡು, ಎಂಟು ವರ್ಷದ ಮಗಳನ್ನೂ ಕೂರಿಸಿಕೊಂಡು ನನ್ನನ್ನು ಕರೆದುಕೊಂಡು ಹೋದರು. ನಾಲ್ಕು ಗಂಟೆ ದಾರಿ. ಫೋರ್ಕ್ಸ್ ಮರ ಕಡಿಯುವವರ ಸಣ್ಣ ಊರು, ಪುಸ್ತಕದಲ್ಲಿರುವ ಹಾಗೇ ಮಳೆ. ಪ್ರವಾಸಿ ಕೇಂದ್ರದ ಮುಂದೆ ಬೆಲ್ಲಾಳ ಕೆಂಪು ಟ್ರಕ್ ನಿಲ್ಲಿಸಿದ್ದಾರೆ. ನಾನು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡೆ. ತುಂಬ ಖುಷಿಯಾಗಿತ್ತು.

ಅಲ್ಲಿಂದ ಕ್ವಿಲಿಯೂಟರ ಊರಾದ ಲಾ ಪುಶ್ ಕಡೆಗೆ ಹೋಗುವಾಗ ರಸ್ತೆ ಬದಿ ಒಂದು ಬೋರ್ಡು. ಇದು ಒಪ್ಪಂದದ ಗಡಿ, ಇಲ್ಲಿಂದ ಮುಂದೆ ವ್ಯಾಂಪೈರ್‌ಗಳಿಗೆ ಪ್ರವೇಶವಿಲ್ಲ ಅಂತ. ಕತೆಯಲ್ಲಿ ಬರುವ ಒಪ್ಪಂದ ಅದು, ತೋಳಗಳಿಗೂ ಕಲೆನ್ ಮನೆತನಕ್ಕೂ ನಡುವೆ ಆಗಿದ್ದು. ಆಮೇಲೆ ಊರಿಗೆ ಬಂದು ಓದಿದಾಗ ತಿಳಿಯಿತು. ಕ್ವಿಲಿಯೂಟ್ ಜನ ಕತೆಯಲ್ಲಷ್ಟೇ ಅಲ್ಲ, ನಿಜವಾಗಿಯೂ ಇರುವ ಅಲ್ಲಿನ ಮೂಲನಿವಾಸಿಗಳು. ಅವರು ನಿಜವಾಗಿ ಒಂದು ಒಪ್ಪಂದಕ್ಕೆ ಸಹಿ ಹಾಕಿದ್ದರು, 1855–56ರಲ್ಲಿ, ಅಮೆರಿಕ ಸರ್ಕಾರದ ಜೊತೆ. ಅದರಲ್ಲಿ ಅವರ ನೆಲದ ಬಹುಪಾಲು ಹೋಯಿತು. 1889ರಲ್ಲಿ ಅವರಿಗೆ ಅಂತ ಉಳಿಸಿಕೊಟ್ಟದ್ದು ಸುಮಾರು ಒಂದು ಚದರ ಮೈಲಿ. ಅದೇ ವರ್ಷ, ಊರಿನವರು ಕೂಲಿಗೆ ಹೋಗಿದ್ದಾಗ, ಅವರ 26 ಮನೆಗಳನ್ನು ಸುಟ್ಟುಹಾಕಿದರು. ಬುಟ್ಟಿ, ಮುಖವಾಡ, ತಲೆಮಾರುಗಳಿಂದ ಬಂದ ವಸ್ತುಗಳೆಲ್ಲ ಹೋದವು.

ಅವರ ಹುಟ್ಟಿನ ಕತೆಯಲ್ಲಿ ತೋಳ ಇದೆ. ಲೋಕವನ್ನು ತಿದ್ದುತ್ತಾ ಬಂದ ಕ್ವಾಟಿ ಎಂಬವನು ತೋಳಗಳನ್ನು ಮನುಷ್ಯರನ್ನಾಗಿ ಮಾಡಿದ, ಅವರೇ ಮೊದಲ ಕ್ವಿಲಿಯೂಟರು. ಮೇಯರ್ ಆ ಎಳೆ ತೆಗೆದುಕೊಂಡು, ಅದಕ್ಕೆ ಇಂಪ್ರಿಂಟ್, ಕೋಪ, ಸೀಳಿದ ಮುಖ ಎಲ್ಲ ಸೇರಿಸಿದರು. ಅದು ಆ ಜನರ ಕತೆಯಲ್ಲ. ಅವರ ಮಾತಿನಲ್ಲಿ ‘ಮ’ ಇಲ್ಲ, ‘ನ’ ಇಲ್ಲ. ಮೂಗಿನಿಂದ ಬರುವ ಅಕ್ಷರವೇ ಇಲ್ಲದ, ಲೋಕದಲ್ಲೇ ಅಪರೂಪದ ಭಾಷೆ. ‘ಅಮ್ಮ’, ‘ನಾನು’, ‘ನೀನು’, ‘ಮನೆ’, ‘ಮಗು’ ಇಲ್ಲದ ಕನ್ನಡವನ್ನು ನಾನು ಎಷ್ಟೋ ಸಲ ಊಹಿಸಿಕೊಳ್ಳಲು ನೋಡಿದ್ದೇನೆ, ಆಗುವುದಿಲ್ಲ. ಇಂಥ ಭಾಷೆಯ ಜನ ಪುಸ್ತಕದಲ್ಲಿ ಇದ್ದೂ, ಅವರ ಭಾಷೆಯ ಈ ಸೊಬಗು ಓದುಗರಿಗೆ ಗೊತ್ತಾಗದೇ ಹೋಯಿತಲ್ಲ ಅಂತ ನನಗೆ ಬೇಜಾರು.

ಅವತ್ತು ಲಾ ಪುಶ್ ಕಡಲದಂಡೆಯಲ್ಲಿ ಇಡೀ ಇಡೀ ಮರದ ದಿಮ್ಮಿಗಳು ಬಿಳುಚಿಕೊಂಡು ಬಿದ್ದಿದ್ದವು. ಅಕ್ಕನ ಮಗಳು ನುಣುಪು ಕಲ್ಲು ಆರಿಸಿ ನನ್ನ ಜೇಬಿಗೆ ತುಂಬುತ್ತಿದ್ದಳು. ಹತ್ತಿರದಲ್ಲೇ ಶಾಲೆ ಇತ್ತು, ನೀರಿಗೆ ಅಷ್ಟು ಹತ್ತಿರ. ಸುನಾಮಿ ಬಂದರೆ ಯಾವ ಕಡೆ ಓಡಬೇಕು ಅಂತ ತೋರಿಸುವ ಫಲಕ ಅಲ್ಲಲ್ಲಿ. 2012ರ ಒಂದು ಕಾನೂನಿನಿಂದ ಎತ್ತರದ ನೆಲ ಅವರಿಗೆ ಸಿಕ್ಕಿತ್ತು. ಆದರೂ ಮಕ್ಕಳು ಇನ್ನೂ ಕೆಳಗೇ ಓದುತ್ತಿದ್ದರು. ಶಾಲೆ ಗುಡ್ಡದ ಮೇಲೆ ಹೋಗಿದ್ದು 2022ರಲ್ಲಿ. ಆ ಸುದ್ದಿ ಓದಿದ ದಿನ ನಾನು ಅಕ್ಕನಿಗೆ ಫೋನ್ ಮಾಡಿ ಹೇಳಿದೆ.

ಆ ಹುಡುಗಿಗೆ ಈಗ 15. ಟ್ವೈಲೈಟ್ ಓದುತ್ತೇನೆ ಚಿಕ್ಕಿ ಅಂದಾಗ ಓದು ಅಂದೆ. ಬೇಡ ಅನ್ನಬೇಕು ಅಂತ ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಪುಸ್ತಕ ಮುಗಿದ ಹಾಗೆಲ್ಲ ಭಾನುವಾರ ಫೋನ್. ಟೀಮ್ ಎಡ್ವರ್ಡ್ ಯಾಕೆ ಅಂತ ಅವಳು ಅರ್ಧ ಗಂಟೆ ವಾದ ಮಾಡಿದಳು, ನಾನು ಖುಷಿಯಿಂದ ಕೇಳಿದೆ. ಕ್ವಿಲಿಯೂಟರ ಬಗ್ಗೆ ನಾನು ಹೇಳಹೊರಟರೆ ಅವಳೇ ನನಗೆ ಹೇಳಿದಳು. ಅವರ ರಾಜ್ಯದ ಶಾಲೆಗಳಲ್ಲಿ ಅಲ್ಲಿನ ಮೂಲನಿವಾಸಿಗಳ ಚರಿತ್ರೆ ಕಲಿಸುತ್ತಾರೆ.

ಕೊನೆಯ ಪುಸ್ತಕ ಮುಗಿಸಿದ ದಿನ ಅವಳು ಬೆಲ್ಲಾ ಬಗ್ಗೆ ಮಾತೇ ಆಡಲಿಲ್ಲ.

“ಚಿಕ್ಕಿ, ಲೀಯಾಗೆ ಆಮೇಲೆ ಏನಾಯ್ತು?”

“ಪುಸ್ತಕದಲ್ಲಿ ಇಲ್ಲ ಕಣೇ.”

“ಎಲ್ಲಾದರೂ ಬೇರೆ ಕಡೆ ಬರೆದಿದ್ದಾರಾ?”

ನಾನು ಓದಿದ ಯಾವ ಪುಟದಲ್ಲೂ ಲೀಯಾಳ ಜಗಲಿ ಇಲ್ಲ. ಹಾಗೇ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹಿಂದಿನಿಂದ ಅಕ್ಕನ ಕುಕ್ಕರ್ ಸೀಟಿ ಕೇಳಿಸುತ್ತಿತ್ತು.

ಹೋದ ವಾರ ಅವಳಿಂದ ಮೂರು ಪುಟ ಬಂತು. ಇಂಗ್ಲಿಷಿನಲ್ಲಿ ಬರೆದು, ನನಗೆ ಅಂತ ಮೊದಲ ಪ್ಯಾರಾವನ್ನು ಕನ್ನಡಕ್ಕೆ ಮಾಡಿದ್ದಾಳೆ, ತಪ್ಪು ಕಾಗುಣಿತದಲ್ಲಿ. ಲೀಯಾ ಬಟ್ಟೆ ಗಂಟು ಕಟ್ಟಿ ಬಸ್ಸು ಹತ್ತುತ್ತಾಳೆ. ಊರು ದಾಟಿದ ಮೇಲೆ ಮೊದಲ ಸಲ ಅವಳ ತಲೆಯೊಳಗೆ ಬೇರೆ ಯಾರ ದನಿಯೂ ಇಲ್ಲ. ಅವಳು ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗುತ್ತಾಳೆ. ಹುಡುಗ ಯಾರಾದರೂ ಬರ್ತಾನಾ ಅಂತ ಕೇಳಿದೆ. ಇನ್ನೂ ಯೋಚನೆ ಮಾಡಿಲ್ಲ, ಮೊದಲು ಅವಳು ಚೆನ್ನಾಗಿ ನಿದ್ದೆ ಮಾಡಲಿ ಅಂದಳು.